ತುಟಿಯ ಹಸಿರು

ಯಾಚಿ, ಯಾಮಾಗಾತಾ
19 ನವೆಂಬರ್ 1957

ಕ್ಯೋಟೊದ ಹಿರೊಸೆ ಯೋಸಾಕು ಅವರಿಗೆ,

ಇಲ್ಲಿ ಮೊದಲ ಹಿಮ ಬಿದ್ದಿದೆ. ನಿಮ್ಮ ಕಡೆ ಮೇಪಲ್ ಎಲೆಗಳು ಇನ್ನೂ ಮರದ ಮೇಲೇ ಇರಬೇಕು. ಗುರುತು ಪರಿಚಯವಿಲ್ಲದ ಹೆಂಗಸು ನೇರವಾಗಿ ಬರೆಯುತ್ತಿದ್ದಾಳೆಂದು ಬೇಸರ ಮಾಡಿಕೊಳ್ಳಬೇಡಿ. ಹೆಣ್ಣುಮಕ್ಕಳ ಹಬ್ಬಕ್ಕೆ ಕೂರಿಸುವ ಹಳೆಯ ಹಿನಾ ಗೊಂಬೆಗಳ ಮುಖ ಸರಿಮಾಡುವವರು ಈಗ ಕ್ಯೋಟೊದಲ್ಲೂ ಬೆರಳೆಣಿಕೆಯಷ್ಟು ಮಂದಿ, ಅವರಲ್ಲಿ ಕೈ ನಂಬಬಹುದಾದದ್ದು ನಿಮ್ಮದು ಎಂದು ನಮ್ಮ ದೇವಸ್ಥಾನದ ಗುರುಗಳು ಹೇಳಿದರು.

ರೈಲಿನಲ್ಲಿ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಅದರೊಳಗೆ ಇನ್ನೊಂದು ಪೆಟ್ಟಿಗೆ, ಅದರೊಳಗೆ ರೇಷ್ಮೆ ಅರಳೆಯಲ್ಲಿ ನಮ್ಮ ಮನೆಯ ಮಹಾರಾಣಿ ಗೊಂಬೆ. ನಮ್ಮವರು ಕುಸುಬೆ ಹೂವಿನ ವ್ಯಾಪಾರಿಗಳಾಗಿದ್ದರು. ಹಿಂದೆ ಮೊಗಾಮಿ ನದಿಯಲ್ಲಿ ತಟ್ಟಿ ಒಣಗಿಸಿದ ಹೂವಿನ ಬಿಲ್ಲೆಗಳು ದೋಣಿ ಹತ್ತಿ, ಕಡಲು ಹಿಡಿದು ನಿಮ್ಮ ಊರಿಗೆ ಹೋಗುತ್ತಿದ್ದವು. ಬರುವಾಗ ಅದೇ ಹಡಗಿನಲ್ಲಿ ಇವಳು ಬಂದಳು. ಆಗಲೇ ಇವಳು ಹಳಬಳಾಗಿದ್ದಳಂತೆ. ಅಂದಿನಿಂದ ಏಳು ತಲೆಮಾರಿನ ಹೆಂಗಸರು ಇವಳನ್ನು ಕಾಪಾಡಿಕೊಂಡು ಬಂದಿದ್ದೇವೆ. ಪೆಟ್ಟಿಗೆ ತೆರೆಯುವಾಗ ಉಸಿರು ತಾಕಬಾರದೆಂದು ನಾನು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಮುಖವನ್ನು ಈ ಮನೆಯಲ್ಲಿ ಯಾರೂ ಬೆರಳಿನಿಂದ ಮುಟ್ಟುವುದಿಲ್ಲ.

ಈ ವರ್ಷ ಕೆಳತುಟಿಗೂ ಗಲ್ಲಕ್ಕೂ ಏನೋ ಆಗಿದೆ. ಉಗ್ರಾಣದಲ್ಲಿ ಇಲಿ ಸೇರಿಕೊಂಡಿತ್ತು. ಇಲಿಯದೇ ಕೆಲಸ.

ಇಲ್ಲಿ ಮಾರ್ಚಿನಲ್ಲಿ ಇನ್ನೂ ಹಿಮ ಇರುವುದರಿಂದ ಗೊಂಬೆ ಹಬ್ಬವನ್ನು ಒಂದು ತಿಂಗಳು ತಡವಾಗಿ, ಏಪ್ರಿಲ್ ಮೂರರಂದು ಮಾಡುತ್ತೇವೆ. ಅಷ್ಟರೊಳಗೆ ಮುಖ ಮೊದಲಿನಂತಾಗಬೇಕು. ಕಳೆದ ಮೇ ತಿಂಗಳಲ್ಲಿ ಮಗ ಮೊರಿಯೊನ ಮದುವೆಯಾಯಿತು. ಸೊಸೆಗೆ ಇದು ಮೊದಲ ಹಬ್ಬ. ಮೊದಲಿನಂತಾಗದಿದ್ದರೆ ಈ ಮನೆಯಲ್ಲಿ ಇನ್ನೂ ಕೆಲವು ಸಂಗತಿಗಳು ಸರಿಹೋಗುವುದಿಲ್ಲ. ಅದು ನಿಮಗೆ ಬೇಕಾದ ವಿಷಯವಲ್ಲ.

ಹೊಸೊಯಾ ತೊಮೆ


ಕ್ಯೋಟೊ
2 ಡಿಸೆಂಬರ್ 1957

ಹೊಸೊಯಾ ಮನೆಯ ಯಜಮಾನಿಯವರಿಗೆ,

ಮಹಾರಾಣಿ ಸುಖವಾಗಿ ತವರು ಸೇರಿದ್ದಾಳೆ. ಪೆಟ್ಟಿಗೆಯ ಮುಚ್ಚಳ ತೆಗೆದು ಮುಖದ ಮೇಲಿನ ಕಾಗದ ಸರಿಸಿದ ಮೇಲೆ ನಾನು ಅವಳನ್ನೇ ನೋಡುತ್ತಾ ಕೂತುಬಿಟ್ಟೆ. ಹೆಂಡತಿ ತಾಕಿ ಊಟಕ್ಕೆ ಕರೆದು ಕರೆದು ಸೋತು, "ಹೊಸ ಹೆಂಡತಿ ಬಂದ್ಲು, ಇನ್ನು ನನ್ ಸಾರು ಯಾರಿಗೆ ಬೇಕು" ಎಂದು ಒಬ್ಬಳೇ ಉಂಡಳು.

ಅಮ್ಮಾ, ನಿಮ್ಮ ಮನೆಯಲ್ಲಿ ಏನಿದೆಯೆಂದು ನಿಮಗೆ ಗೊತ್ತಿದೆಯೋ ಇಲ್ಲವೋ, ನಾನು ಹೇಳಿಬಿಡುತ್ತೇನೆ. ಈಗಿನ ನಮ್ಮ ತಲೆಗಳು ಅಚ್ಚಿನಿಂದ ಬರುತ್ತವೆ. ಇವಳದು ಕಿರಿ ಎಂಬ ಹಗುರ ಮರದಲ್ಲಿ ಕೆತ್ತಿದ್ದು. ಮರದ ಮೇಲೆ ಸಿಂಪಿ ಚಿಪ್ಪಿನ ಬಿಳಿ. ಹತ್ತಾರು ವರ್ಷ ಮಳೆ ಬಿಸಿಲಿಗೆ ಬಿದ್ದು ಮೆತ್ತಗಾದ ಚಿಪ್ಪನ್ನು ಅರೆದು, ಚರ್ಮದ ಅಂಟಿನಲ್ಲಿ ಕಲಸಿ, ಪದರದ ಮೇಲೆ ಪದರ ಹಚ್ಚಿದ್ದಾನೆ ಇವಳನ್ನು ಮಾಡಿದವನು. ಮೂಗು, ರೆಪ್ಪೆ, ತುಟಿ ಇವನ್ನೆಲ್ಲ ಅದೇ ಬಿಳಿಯನ್ನು ಗಟ್ಟಿ ಮಾಡಿಕೊಂಡು, ಕುಂಚದ ತುದಿಯಿಂದ ಹನಿ ಹನಿಯಾಗಿ ಇಟ್ಟು ಎಬ್ಬಿಸಿದ್ದಾನೆ. ಒಂದು ಹನಿ ಹೆಚ್ಚಾದರೆ ಮೂಗು ಕೆಟ್ಟಿತು. ಹುಬ್ಬನ್ನು ಬಳಿದಿಲ್ಲ, ಕೂದಲು ಕೂದಲಾಗಿ ಎಳೆದಿದ್ದಾನೆ. ಎಡಗಣ್ಣು ಬಲಗಣ್ಣಿಗಿಂತ ಕೂದಲೆಳೆಯಷ್ಟು ಕೆಳಗಿದೆ. ಮೊದಲು ತಪ್ಪೆಂದುಕೊಂಡೆ. ಮೆಟ್ಟಿಲ ಮೇಲೆ ಕೂರಿಸಿ ಕೆಳಗಿನಿಂದ ನೋಡಿದರೆ ಎರಡೂ ಸಮ ಕಾಣುತ್ತವೆ. ಹಾಗೆ ಕೂತು ನೋಡುವ ಮಕ್ಕಳನ್ನು ನೆನೆದು ಮಾಡಿದ್ದಾನೆ ಪುಣ್ಯಾತ್ಮ. ತಲೆಯನ್ನು ಮೈಯಿಂದ ಕಿತ್ತು ಕತ್ತಿನ ಕಡ್ಡಿಯನ್ನೂ ನೋಡಿದೆ. ಹೆಸರಿಲ್ಲ. ಇಷ್ಟು ಮಾಡಿದವನು ಹೆಸರು ಬರೆಯಲಿಲ್ಲವೆಂದರೆ ನಾವೆಲ್ಲ ನಮ್ಮ ಮುದ್ರೆಗಳನ್ನು ಬಾವಿಗೆ ಹಾಕಬೇಕು.

ಈಗ ಗಾಯದ ಮಾತು. ನೀವು ಇಲಿಯ ಮೇಲೆ ಸುಮ್ಮನೆ ಆಪಾದನೆ ಹೊರಿಸಿದ್ದೀರಿ. ಹಲ್ಲಿನ ಗುರುತು ಎಲ್ಲೂ ಇಲ್ಲ. ಒದ್ದೆ ಬಟ್ಟೆಯೊಂದು ಕೆಳತುಟಿಯ ಮೇಲೆ ಹಾದು ಅರ್ಧದಲ್ಲೇ ನಿಂತಿದೆ. ತುಟಿಯ ನಡುವೆ ಕೆಂಪು ಬಿಳಿ ಕಲಸಿದ ಕೆಸರು ಒಣಗಿ ಕೂತಿದೆ. ಅದರ ಕೆಳಗೆ ಗಲ್ಲದ ಮೇಲೆ ಬಟ್ಟೆಯನ್ನು ಒತ್ತಿ ಹಿಡಿದ ಗುರುತು, ನೇಯ್ಗೆಯ ಎಳೆಗಳು ಕೂಡ ಮೂಡಿವೆ. ಒರೆಸುತ್ತಿದ್ದ ಕೈ ನಡುಗಿ, ಆಸರೆಗೆಂದು ಅಲ್ಲಿ ಊರಿದಂತಿದೆ.

ನಮ್ಮ ವಯಸ್ಸಿಗೆ ಇದು ಬರುವಂಥದ್ದೇ. ನನಗೆ ಅರವತ್ತೆಂಟು. ಬೆಳಿಗ್ಗೆ ಚಹಾ ಕುಡಿಯುವವರೆಗೆ ನಾನೂ ಕುಂಚ ಹಿಡಿಯುವುದಿಲ್ಲ. ನೀವು ನಾಚಿಕೊಳ್ಳಬೇಕಾಗಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಇನ್ನು ಮುಂದೆ ಗೊಂಬೆ ತೆಗೆಯುವ ಕೆಲಸವನ್ನು ಸೊಸೆಯ ಕೈಗೆ ಕೊಡಿ. ಎಳೆಯ ಕೈ ನಡುಗುವುದಿಲ್ಲ.

ಹಿರೊಸೆ ಯೋಸಾಕು


ಯಾಚಿ
11 ಡಿಸೆಂಬರ್ 1957

ಹಿರೊಸೆಯವರಿಗೆ,

ನಿಮ್ಮ ಪತ್ರವನ್ನು ಕನ್ನಡಕವಿಲ್ಲದೆ ಓದಿದೆ. ಸೂಜಿಗೆ ದಾರ ಪೋಣಿಸಲು ನಮ್ಮ ಬೀದಿಯ ಹೆಂಗಸರು ಇಂದಿಗೂ ನನ್ನ ಹತ್ತಿರ ಬರುತ್ತಾರೆ. ನನ್ನ ಕೈ ನಡುಗುವುದಿಲ್ಲ. ಮೊನ್ನೆ ನಿಮ್ಮ ಪತ್ರ ಹಿಡಿದಾಗ ನಡುಗಿದ್ದರೆ ಅದು ಸಿಟ್ಟಿಗೆ.

ಸೊಸೆಯ ಕೈಗೆ ಕೊಡಿ ಎನ್ನುತ್ತೀರಿ. ಆ ಕೈಯೇ ಸ್ವಾಮೀ ಇದನ್ನು ಮಾಡಿದ್ದು. ಮನೆಯ ಮಾತು ಹೊರಗೆ ಹೋಗದಿರಲಿ ಎಂದು ಇಲಿಯನ್ನು ತಂದೆ. ನೀವು ಅದನ್ನು ನನ್ನ ತಲೆಗೇ ಕಟ್ಟಿದ್ದರಿಂದ ಈಗ ಬಿಚ್ಚಿ ಬರೆಯುತ್ತಿದ್ದೇನೆ.

ಸೊಸೆಯ ಹೆಸರು ನಾಮಿಯೆ. ಸೆಂದಾಯ್ ನಗರದ ಹಲ್ಲಿನ ವೈದ್ಯರ ಮಗಳು. ಮೊರಿಯೊ ತಾನೇ ನೋಡಿ ಮೆಚ್ಚಿಕೊಂಡು ತಂದ ಹುಡುಗಿ. ಕೆಟ್ಟವಳೆಂದು ಹೇಳಲಾರೆ. ಆದರೆ ಅವಳ ಕಣ್ಣಿಗೆ ಎಲ್ಲೆಲ್ಲೂ ಕೊಳೆ ಕಾಣುತ್ತದೆ. ಬಂದ ತಿಂಗಳಲ್ಲೇ ನಮ್ಮ ಅಡುಗೆಮನೆಯ ತೊಲೆಯ ಮಸಿಯನ್ನು ತಿಕ್ಕಿ ತೆಗೆದಳು. ಆ ಮಸಿ ನನ್ನ ಅತ್ತೆಯ ಕಾಲದ್ದು.

ಅಕ್ಟೋಬರಿನ ಒಣ ಹವೆಯಲ್ಲಿ ಪೆಟ್ಟಿಗೆಗಳನ್ನು ಬಿಚ್ಚಿ ಗಾಳಿಗೆ ಇಟ್ಟಿದ್ದೆ. ಪಕ್ಕದ ಮನೆಯಲ್ಲಿ ಸಾವಾಯಿತೆಂದು ಹೋಗಿ ಬರುವಷ್ಟರಲ್ಲಿ ಅವಳು ಗೊಂಬೆಯ ಮುಂದೆ ಕೂತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ. ಮುಖ ಗೊಂಬೆಯದಕ್ಕಿಂತ ಬೆಳ್ಳಗಾಗಿತ್ತು.

"ಅತ್ತೆ, ಕೊಳೆ ಇತ್ತು, ಅದಕ್ಕೇ ಸ್ವಲ್ಪ..." ಎಂದಳು.

"ಕೊಳೆ ಇದ್ದಿದ್ದು ನಿನ್ ಕಣ್ಣಲ್ಲಿ" ಎಂದೆ. ಇನ್ನೂ ಏನೋ ಹೇಳಲು ಬಂದಳು. ನಾನು ಕೇಳಲಿಲ್ಲ. ಮರುದಿನವೇ ತವರಿಗೆ ರೈಲು ಹತ್ತಿಸಿದೆ. ಗೊಂಬೆಯ ಮುಖ ಮೊದಲಿನ ಹಾಗೆ ಆಗಿ ಬರುವವರೆಗೆ ನೀನೂ ಬರಬೇಡ ಎಂದು ಹೇಳಿ ಕಳಿಸಿದೆ. ಊರವರ ಮುಂದೆ ಅವಳ ಅಮ್ಮನಿಗೆ ಹುಷಾರಿಲ್ಲವೆಂದು ಹೇಳಿದ್ದೇನೆ. ಮೊರಿಯೊ ಊಟಕ್ಕೆ ಕೂತರೆ ಅನ್ನದ ಬಟ್ಟಲನ್ನೇ ನೋಡುತ್ತಾನೆ. ಮೊನ್ನೆ ಮಾತ್ರ ಬಾಯಿ ಬಿಟ್ಟ.

"ಅಮ್ಮ, ಮುಖ ಸರಿಹೋಗದೇ ಇದ್ರೆ?"

"ಸರಿಹೋಗದೇ ಇದ್ರೆ ನೋಡೋಣ" ಎಂದೆ. ಅವನು ಅರ್ಧ ಊಟ ಬಿಟ್ಟು ಎದ್ದ.

ನಾನು ಕಲ್ಲಲ್ಲ. ಆದರೆ ಆ ತುಟಿ ಏನೆಂದು ನಿಮಗೆ ತಿಳಿಯದು, ಹೊರಗಿನವರಿಗೆ ಹೇಳುವಂಥದ್ದೂ ಅಲ್ಲ. ನೀವು ಮುಖವನ್ನು ಮೊದಲಿನಂತೆ ಮಾಡಿ ಕಳಿಸಿ. ಅದು ಬಂದರೆ ಅವಳೂ ಬರುತ್ತಾಳೆ.

ತೊಮೆ


ಕ್ಯೋಟೊ
14 ಜನವರಿ 1958

ಯಜಮಾನಿಯವರಿಗೆ,

ಹೊಸ ವರ್ಷದ ಶುಭಾಶಯಗಳು ತಡವಾಗಿ. ನಿಮ್ಮ ಪತ್ರವನ್ನು ತಾಕಿಗೆ ಓದಿ ಹೇಳಿದೆ. "ಹೆಂಗಸಿನ ವಯಸ್ಸು ಮತ್ತೆ ಕೈ, ಎರಡರ ಬಗ್ಗೇನೂ ಬರ್ದಿದ್ದೀರಲ್ಲ, ಅವ್ರು ಪತ್ರದಲ್ಲೇ ಹೊಡೀಲಿಲ್ವಲ್ಲ, ಅದು ದೊಡ್ಡದು" ಎಂದಳು. ಬಾಗಿ ಕ್ಷಮೆ ಕೇಳುತ್ತೇನೆ.

ಕೆಲಸ ಶುರುವಾಗಿದೆ. ಅಂಟಿಗೆ ಚಳಿಗಾಲವೇ ಸರಿ. ಬೇಸಿಗೆಯಲ್ಲಿ ಅದು ಕೆಟ್ಟು ನಾರುತ್ತದೆ, ಈಗ ನಿಧಾನವಾಗಿ ಹಿಡಿಯುತ್ತದೆ. ಗಲ್ಲದ ಮೇಲಿನ ಬಟ್ಟೆಯ ಗುರುತನ್ನು ತುಂಬಲು ಹಾಲಿಗಿಂತ ತೆಳ್ಳಗೆ ಚಿಪ್ಪಿನ ಬಿಳಿ ಕಲಸಿ ಒಂದು ಸಲ ಹಚ್ಚುವುದು, ಒಣಗಿದ ಮೇಲೆ ಮತ್ತೊಂದು. ಇವತ್ತಿಗೆ ಗಲ್ಲ ಮುಗಿಯಿತು. ಹಳೆಯದು ಎಲ್ಲಿ ನಿಂತಿತು, ನನ್ನದು ಎಲ್ಲಿ ಶುರುವಾಯಿತು ಎಂದು ಬೆಳಕಿಗೆ ಹಿಡಿದರೂ ಕಾಣುವುದಿಲ್ಲ. ಇದು ಜಂಭವಲ್ಲ, ಸ್ವಲ್ಪ ಜಂಭವೇ. ಹಳೆಯ ಬಿಳಿಗೆ ವರ್ಷಗಳಿಂದ ಬಂದ ಒಂದು ಬಣ್ಣವಿದೆ, ಬೆಂದ ಅನ್ನದ ಗಂಜಿಯ ಬಣ್ಣ. ಅದಕ್ಕೆ ಹೊಂದಿಸಲು ತಾಕಿಯ ಚಹಾದ ಕಷಾಯದಲ್ಲಿ ಒಂದು ಹನಿ ಕದ್ದೆ.

ನಿಮ್ಮ ಸೊಸೆಯ ವಿಷಯ ನಾನು ಮಾತಾಡಬಾರದು, ಆದರೂ ಆಡುತ್ತೇನೆ. ನೀವು ಮಾಡಿದ್ದು ಸರಿ. ಚಿಪ್ಪಿನ ಬಿಳಿಗೆ ನೀರು ತಾಕಿಸಬಾರದೆಂದು ನಮ್ಮ ಓಣಿಯಲ್ಲಿ ಆಡುವ ಮಕ್ಕಳಿಗೂ ಗೊತ್ತು. ನನ್ನ ಕೈ ಕೆಳಗಿನವನು ಯಾರಾದರೂ ಹೀಗೆ ಮಾಡಿದ್ದರೆ ಅವನನ್ನು ಆ ದಿನವೇ ಗಂಟುಮೂಟೆ ಕಟ್ಟಿಸುತ್ತಿದ್ದೆ. ಏನೆಂದು ತಿಳಿಯದಿದ್ದರೆ ಕೈ ಕಟ್ಟಿಕೊಂಡು ಕೂರಬೇಕು, ತಿಳಿದವರನ್ನು ಕೇಳಬೇಕು. ಈಗಿನ ಹುಡುಗಿಯರಿಗೆ ಅಷ್ಟು ತಾಳ್ಮೆ ಎಲ್ಲಿದೆ.

ಉಳಿದಿರುವುದು ತುಟಿ ಮಾತ್ರ. ಬಾಯಿಯ ಎರಡು ಮೂಲೆಗಳಲ್ಲೂ ಮೇಲ್ತುಟಿಯಲ್ಲೂ ಹಸಿರು ಬೂಷ್ಟು ಹಿಡಿದು ಗಟ್ಟಿಯಾಗಿದೆ. ಉಗ್ರಾಣದ ತೇವಕ್ಕೆ ಬಂದಿದ್ದಿರಬೇಕು. ನಾಳೆ ಬೆಳಿಗ್ಗೆ ಅದನ್ನು ಪೂರ್ತಿ ತೆಗೆದು, ಸಿಂಧೂರ ಹಚ್ಚಿದರೆ ಮಹಾರಾಣಿ ಸಿದ್ಧ.

ಯೋಸಾಕು


ತಂತಿ
ಯಾಚಿ, 17 ಜನವರಿ 1958

ಹಸಿರು ಮುಟ್ಟಬೇಡಿ. ಬೂಷ್ಟಲ್ಲ. ಪತ್ರ ಬರುತ್ತಿದೆ. ತೊಮೆ


ಯಾಚಿ
17 ಜನವರಿ 1958

ಹಿರೊಸೆಯವರಿಗೆ,

ತಂತಿ ಕಚೇರಿಗೆ ಮೊಣಕಾಲುದ್ದ ಹಿಮದಲ್ಲಿ ನಡೆದು ಹೋಗಿ ಬಂದು, ಒದ್ದೆ ಕಾಲಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಈ ಮನೆಯ ಗಂಡಸರಿಗೂ ಹೇಳದ ಸಂಗತಿ ಇದು. ಮೊರಿಯೊಗೂ ಗೊತ್ತಿಲ್ಲ.

ಅದು ಕುಸುಬೆಯ ಕೆಂಪು. ನಮ್ಮ ಹೊಲದ ಹೂವಿನದು. ಈಗ ಕುಸುಬೆ ಬೆಳೆಯುವವರು ಇಲ್ಲ, ಆದರೂ ಮನೆಯ ಹಿಂದೆ ನಾನು ಒಂದು ಮಡಿ ಉಳಿಸಿಕೊಂಡಿದ್ದೇನೆ. ಹೊತ್ತು ಮೂಡುವ ಮುಂಚೆ, ಮುಳ್ಳು ಇಬ್ಬನಿಗೆ ಮೆತ್ತಗಿರುವಾಗ ಹೂ ಕೀಳಬೇಕು. ತೊಳೆದು, ತುಳಿದು, ಹಳದಿಯನ್ನೆಲ್ಲ ನೀರಿಗೆ ಬಿಟ್ಟು, ಕೊನೆಗೆ ಸಿಗುವ ಕೆಂಪು ಒಂದು ಸಣ್ಣ ಬಟ್ಟಲಿನ ಒಳಮೈಗೆ ಬಳಿಯುವಷ್ಟು. ಒದ್ದೆ ಬೆರಳಿನಲ್ಲಿ ತೆಗೆದರೆ ರಕ್ತದಂಥ ಕೆಂಪು. ದಪ್ಪಗೆ ಹಚ್ಚಿ ಒಣಗಿದರೆ ಜೀರುಂಡೆಯ ರೆಕ್ಕೆಯ ಹಾಗೆ ಹಸಿರು ಹೊಳೆಯುತ್ತದೆ.

ಈ ಮನೆಗೆ ಬಂದ ಪ್ರತಿಯೊಬ್ಬ ಸೊಸೆಯೂ ಮೊದಲ ಗೊಂಬೆ ಹಬ್ಬದ ಬೆಳಿಗ್ಗೆ ತನ್ನ ಉಂಗುರದ ಬೆರಳಿನಿಂದ ಮಹಾರಾಣಿಯ ತುಟಿಗೆ ಕೆಂಪು ಹಚ್ಚುತ್ತಾಳೆ. ಮುಖವನ್ನು ಬೆರಳು ಮುಟ್ಟುವುದು ಅದೊಂದೇ ಸಲ. ತನ್ನ ಹಿಂದಿನವರದನ್ನು ಒರೆಸುವುದಿಲ್ಲ, ಮೇಲೆಯೇ ಹಚ್ಚುವುದು. ಏಳು ಸೊಸೆಯರ ಕೆಂಪು ಅಲ್ಲಿ ಒಂದರ ಮೇಲೊಂದು ಇದೆ. ಕೊನೆಯದು ನನ್ನದು. ಹತ್ತೊಂಬತ್ತು ವರ್ಷಕ್ಕೆ ಬಂದವಳು ನಾನು. ಆ ಹೊತ್ತು ನನ್ನ ಕೈ ನಡುಗಿತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಅತ್ತೆ ಜೀವನದಲ್ಲಿ ಒಂದೇ ಸಲ ನನ್ನ ಕೈ ಹಿಡಿದರು, ಆಗ.

ಹಬ್ಬದ ಬೆಳಿಗ್ಗೆಯವರೆಗೆ ಇದನ್ನು ಸೊಸೆಗೆ ಹೇಳುವ ಪದ್ಧತಿಯಿಲ್ಲ. ನನಗೂ ಹೇಳಿರಲಿಲ್ಲ. ಆದ್ದರಿಂದ ನಾಮಿಯೆಗೂ ಗೊತ್ತಿರಲಿಲ್ಲ. ನೀವು ತಿಳಿದವರು, ಕ್ಯೋಟೊದವರು. ನೀವಾದರೂ ಮುಟ್ಟುವ ಮುಂಚೆ ಯೋಚಿಸಿರುತ್ತೀರಿ ಎಂದು ನಂಬಿದ್ದೇನೆ.

ತೊಮೆ


ಕ್ಯೋಟೊ
20 ಜನವರಿ 1958

ತೊಮೆಯವರಿಗೆ,

ನಿಮ್ಮ ತಂತಿ ಎರಡು ದಿನ ತಡವಾಯಿತು. ನನ್ನ ಆತುರ ಎರಡು ದಿನ ಮುಂಚೆ ಆಯಿತು ಎಂದರೆ ಸರಿ.

ಹದಿನೈದರ ಬೆಳಿಗ್ಗೆ ಹತ್ತಿಯ ಕಡ್ಡಿಯನ್ನು ನಾಲಿಗೆಯಲ್ಲಿ ತುಸು ಒದ್ದೆ ಮಾಡಿಕೊಂಡು ಎಡ ಮೂಲೆಯ ಹಸಿರಿನ ಮೇಲೆ ಹೊರಳಿಸಿದೆ. ಹತ್ತಿ ಕೆಂಪಾಯಿತು. ಹಳೆಯ ಸಿಂಧೂರ ಬಿಡುತ್ತಿದೆ ಎಂದುಕೊಂಡು ಇನ್ನೊಂದು ಸಲ ಹೊರಳಿಸಿದೆ. ಮತ್ತೊಂದು ಕಡ್ಡಿ ತೆಗೆದುಕೊಂಡು ನಡುವಿನ ಕೆಸರನ್ನೂ ತೆಗೆದೆ, ಬಲ ಮೂಲೆ ಅರ್ಧಕ್ಕೆ ಬಂದೆ. ಆಗ ಚಹಾ ತಂದ ತಾಕಿ ತಟ್ಟೆಯಲ್ಲಿ ಬಿದ್ದಿದ್ದ ಹತ್ತಿಯನ್ನು ನೋಡಿ ನಿಂತಳು.

"ರೀ, ಇದೇನ್ ಮಾಡ್ತಿದ್ದೀರಿ? ಸಿಂಧೂರ ಎಲ್ಲಾದ್ರೂ ಹೀಗೆ ಕರಗತ್ತಾ? ಇದು ಕುಸುಬೆ."

"ಬೂಷ್ಟು ಕಣೇ."

"ನನ್ ಮದುವೇಲಿ ನಿಮ್ಮಮ್ಮ ನನ್ ತುಟಿಗೆ ಇದೇ ಬೂಷ್ಟು ಹಚ್ಚಿದ್ರು. ಆಗ ಬಾಯ್ ಬಿಟ್ಕೊಂಡು ನೋಡಿದ್ರಲ್ಲ, ಮರ್ತೋಯ್ತಾ?"

ನಾನು ಕಡ್ಡಿಯನ್ನು ಕೆಳಗಿಟ್ಟೆ. ಮೇಲ್ತುಟಿಯ ಮೇಲೆ ಬಲಗಡೆಗೆ ಸಾಸಿವೆಕಾಳಿನಷ್ಟು ಹಸಿರು ಉಳಿದಿದೆ. ಅಷ್ಟೇ. ಏಳು ಹೆಂಗಸರು ಇಟ್ಟದ್ದನ್ನು ನಾನು ಒಂದು ಬೆಳಿಗ್ಗೆ ಒರೆಸಿದೆ. ಆಮೇಲೆ ನಿಮ್ಮ ತಂತಿ, ಇವತ್ತು ಪತ್ರ. ತಂತಿ ಬಂದ ದಿನದಿಂದ ನಾನು ಕೆಲಸದ ಕೋಣೆಗೆ ಹೋಗಿಲ್ಲ. ನನಗೆ ಬಹಳ ದುಃಖವಾಗಿದೆ. ಬೇರೆ ಮಾತು ಗೊತ್ತಿಲ್ಲ.

ತಿಳಿಯದಿದ್ದರೆ ಕೈ ಕಟ್ಟಿಕೊಂಡು ಕೂರಬೇಕೆಂದು ನಿಮಗೆ ಬರೆದವನು ನಾನೇ. ಐವತ್ತೈದು ವರ್ಷ ಮುಖಗಳ ಜೊತೆಯಲ್ಲೇ ಬದುಕಿದವನು, ಕ್ಯೋಟೊದವನು, ಕುಸುಬೆ ಹಚ್ಚಿದ ತುಟಿಯನ್ನೇ ಮದುವೆಯಾದವನು. ಮದುವೆಯಾಗಿ ಆರು ತಿಂಗಳೂ ಆಗಿರದ ಹುಡುಗಿಯನ್ನು ಇದೇ ತಪ್ಪಿಗೆ ನೀವು ಸೆಂದಾಯಿಗೆ ಕಳಿಸಿದಿರಿ. ನನ್ನನ್ನು ಯಾವ ಊರಿಗೆ ಕಳಿಸುತ್ತೀರಿ? ಅವಳಿಗೆ ಯಾರೂ ಹೇಳಿರಲಿಲ್ಲ. ನನಗೆ ಹತ್ತಿಯೇ ಹೇಳಿತು, ಆದರೂ ನಾನು ನಿಲ್ಲಲಿಲ್ಲ. ಅವಳು ಕೆಂಪು ಕಂಡ ಕೂಡಲೇ ನಿಂತಳು. ಅರ್ಧದಲ್ಲಿ ನಿಂತ ಆ ಗುರುತನ್ನು ಮುದಿಕೈಯ ನಡುಕವೆಂದು ಓದಿದ ನನ್ನ ಜಾಣತನಕ್ಕೆ ಏನು ಹೇಳಲಿ. ಅವಳೂ ನಾನೂ ಇಬ್ಬರಲ್ಲಿ ಗೊಂಬೆಯ ಹತ್ತಿರ ಬಿಡಬಹುದಾದವಳು ಅವಳು.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಮಾಡಿದವನಿಗೆ ಅನ್ಯಾಯವಾಗುತ್ತದೆ. ಕೆಂಪು ಹೋದ ಮೇಲೆ ಬಾಯಿ ಕಂಡಿತು. ಅದು ಮುಚ್ಚಿದ ಬಾಯಲ್ಲ. ತುಟಿಗಳ ನಡುವೆ ಉಗುರಿನ ಅಂಚಿನಷ್ಟು ತೆರೆದಿದೆ. ಒಳಗೆ ಎಳ್ಳಿಗಿಂತ ಸಣ್ಣ ಎರಡು ಹಲ್ಲು, ಅದರ ಹಿಂದೆ ನಾಲಿಗೆಯ ತುದಿ. ಯಾರೋ ಕರೆದಾಗ ಓಗೊಡಲು ಹೊರಟವಳ ಬಾಯಿ ಅದು. ಭೂತಗನ್ನಡಿಯಲ್ಲಿ ನೋಡಿದೆ. ಹಲ್ಲನ್ನು ಬಣ್ಣದಲ್ಲಿ ಬರೆದಿಲ್ಲ, ಕೆತ್ತಿದ್ದಾನೆ. ಇಂಥ ಕೆಲಸ ನನ್ನಿಂದ ಆಗುವುದಿಲ್ಲ, ನನ್ನ ಗುರುವಿನಿಂದಲೂ ಆಗುತ್ತಿರಲಿಲ್ಲ. ನಿಮ್ಮ ಮನೆಯ ಮೊದಲ ಸೊಸೆ ಇದನ್ನು ನೋಡಿರಬೇಕು. ಆಮೇಲೆ ಯಾರೂ ನೋಡಿಲ್ಲ.

ನಾನು ಸಿಂಧೂರ ಹಚ್ಚುವುದಿಲ್ಲ. ಹಸಿರನ್ನು ನಕಲು ಮಾಡಿ ಕೊಡುವುದೂ ಇಲ್ಲ, ನನ್ನಿಂದ ಆಗುತ್ತದೆ, ಆದರೂ ಇಲ್ಲ. ನಿಮ್ಮನ್ನು ಕೇಳುವ ಹಕ್ಕು ನನಗಿಲ್ಲದಿದ್ದರೂ ಕೇಳುತ್ತೇನೆ. ಒಂದೇ ಒಂದು ವರ್ಷ ಅವಳ ತುಟಿಯನ್ನು ಬರಿದಾಗಿ ಬಿಡಿ. ಹೇಗೆ ಮಾಡಲಿ, ಬರೆಯಿರಿ.

ಯೋಸಾಕು


ಕ್ಯೋಟೊ
24 ಫೆಬ್ರವರಿ 1958

ತೊಮೆಯವರಿಗೆ,

ನಿಮ್ಮಿಂದ ಉತ್ತರವಿಲ್ಲ. ಅಂಚೆಯವನು ಓಣಿಗೆ ಬಂದಾಗಲೆಲ್ಲ ನಾನು ಬಾಗಿಲಿಗೆ ಹೋಗುತ್ತೇನೆ. ತಾಕಿ ನೋಡಿ ನಗುವುದನ್ನೂ ಬಿಟ್ಟಿದ್ದಾಳೆ. ಗೊಂಬೆ ಸಿದ್ಧವಾಗಿದೆ. ಬೈದಾದರೂ ಬರೆಯಿರಿ. ಬರೆಯದಿದ್ದರೂ ಮಾರ್ಚ್ ಹತ್ತರಂದು ರೈಲಿಗೆ ಹಾಕುತ್ತೇನೆ, ಹಬ್ಬ ನನಗಾಗಿ ಕಾಯುವುದಿಲ್ಲ.

ಒಂದು ಮಾತು ಮಾತ್ರ. ನಾನು ನಿಮ್ಮ ಸೊಸೆಯ ಬಗ್ಗೆ ಜನವರಿಯಲ್ಲಿ ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದರೆ, ಇದನ್ನೂ ಓದಿ ಹೇಳಿ. ಅದು ಮೂರ್ಖನ ಮಾತು.

ಯೋಸಾಕು


ಯಾಚಿ
6 ಏಪ್ರಿಲ್ 1958

ಹಿರೊಸೆಯವರಿಗೆ,

ಹಿಮ ಕರಗಿ ಮನೆಯ ಮುಂದೆಲ್ಲ ಕೆಸರು. ಹಬ್ಬ ಮುಗಿಯಿತು. ಈಗ ಕೂತು ಬರೆಯಲು ಬಿಡುವಾಗಿದೆ.

ನಿಮ್ಮ ಜನವರಿ ಇಪ್ಪತ್ತರ ಪತ್ರ ಬಂದ ದಿನ ನಾನು ಅದನ್ನು ಓದಿ ಅಕ್ಕಿಯ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ. ಮೊರಿಯೊ ಕೇಳಿದಾಗ ಕ್ಯೋಟೊದಿಂದ ಏನೂ ಬಂದಿಲ್ಲ ಎಂದೆ. ನಿಮ್ಮ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಬರಲಿಲ್ಲ. ನೀವು ಒರೆಸಿದ್ದನ್ನು ನೆನೆದು ಒಂದು ರಾತ್ರಿ ಅತ್ತದ್ದು ನಿಜ, ಆ ಕೆಂಪಿನಲ್ಲಿ ನನ್ನ ಅತ್ತೆಯದೂ ಇತ್ತು. ಆದರೆ ನಿಮ್ಮನ್ನು ಬೈಯಲು ಬಾಯಿ ಬರಲಿಲ್ಲ. ನಿಮ್ಮನ್ನು ಬೈಯದಿದ್ದರೆ ಅವಳನ್ನು ಹೇಗೆ ಬೈದೆ ಎಂಬ ಲೆಕ್ಕ ನನಗೆ ಬಗೆಹರಿಯಲಿಲ್ಲ. ತಿಂಗಳಾನುಗಟ್ಟಲೆ ಹಾಗೇ ಕೂತೆ. ಪೆಟ್ಟಿಗೆ ಬಂತು. ಮೊರಿಯೊ ಹೊರಗಿದ್ದ. ಒಬ್ಬಳೇ ತೆರೆದು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಆ ಬಾಯಿಯನ್ನು ನೋಡಿದೆ. ನಲವತ್ತೆರಡು ವರ್ಷ ನಾನು ಇವಳ ಮುಖ ಬಲ್ಲೆ ಎಂದುಕೊಂಡಿದ್ದೆ. ಮರುದಿನ ಬೆಳಗಿನ ರೈಲಿಗೆ ಸೆಂದಾಯಿಗೆ ಹೋದೆ.

ವೈದ್ಯರು ಬಾಗಿಲಲ್ಲೇ ನಿಂತು, "ಹಲ್ಲು ನೋವಾ?" ಎಂದರು. ಬಾಗಿ ನಮಸ್ಕರಿಸಲೂ ಇಲ್ಲ. ಅವರ ಜಾಗದಲ್ಲಿ ನಾನಿದ್ದರೆ ಬಾಗಿಲನ್ನೇ ತೆರೆಯುತ್ತಿರಲಿಲ್ಲ. ನಾಮಿಯೆ ಚಹಾ ತಂದಿಟ್ಟು ದೂರ ಕೂತಳು. ಇಳಿದುಹೋಗಿದ್ದಳು. ನಾನು ಮಾತಿಗೆ ತಡಕಾಡುವ ಬದಲು ನಿಮ್ಮ ಪತ್ರ ತೆಗೆದು ಓದಿದೆ, ಎರಡನ್ನೂ, ಜನವರಿ ಹದಿನಾಲ್ಕರದನ್ನೂ ಸೇರಿಸಿ. ಅದನ್ನು ಬಿಟ್ಟು ಓದಿದ್ದರೆ ಮೋಸವಾಗುತ್ತಿತ್ತು. ಮುಗಿದ ಮೇಲೆ ಅವಳು ಕೇಳಿದಳು.

"ಅತ್ತೆ, ಹಾಗಾದ್ರೆ ಅವ್ರನ್ನೂ ಕ್ಯೋಟೊದಿಂದ ಆಚೆ ಹಾಕಿದ್ರಾ?"

"ಅವ್ರ ಊರು, ನಾನ್ ಹೇಗೆ ಹಾಕ್ಲಿ."

"ಯಾಚಿ ಮನೇನ ನಾನೂ ನಮ್ಮನೆ ಅಂದ್ಕೊಂಡಿದ್ದೆ" ಎಂದಳು.

ತಪ್ಪಾಯಿತು ಎಂದೆ. ಹಣೆಯನ್ನು ಚಾಪೆಗೆ ತಾಗಿಸಿ ಹೇಳಿದೆ. ನನ್ನ ಮಗನಿಗೂ ಇದನ್ನು ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಆಗ ಅವಳು ಆ ದಿನದ್ದನ್ನು ಹೇಳಿದಳು. ಬಟ್ಟೆಗೆ ಕೆಂಪು ಬಂದದ್ದನ್ನು ಕಂಡು ಗೊಂಬೆಗೆ ಗಾಯವಾಯಿತೆಂದೇ ಅಂದುಕೊಂಡಳಂತೆ. "ರಕ್ತ ಬಂತು ಅನ್ಸಿಬಿಡ್ತು ಅತ್ತೆ. ಅಪ್ಪ ಹಲ್ಲು ಕಿತ್ತಾದ್ಮೇಲೆ ಒತ್ತಿ ಹಿಡಿ ಅಂತಾರಲ್ಲ, ಹಾಗೆ ತುಟಿ ಕೆಳಗೆ ಒತ್ತಿ ಹಿಡ್ಕೊಂಡೆ, ನಿಲ್ಲತ್ತೆ ಅಂತ." ನೀವು ತುಂಬಿ ಮುಚ್ಚಿದ ಗಲ್ಲದ ಮೇಲಿನ ಗುರುತು ಅದು. ನಡುಗಿದ ಕೈಯದಲ್ಲ. ಆ ದಿನ ಅವಳು ನನಗೆ ಹೇಳಲು ಬಂದದ್ದೂ ಅದನ್ನೇ.

ಅಷ್ಟಕ್ಕೇ ಅವಳು ಎದ್ದು ಬರಲಿಲ್ಲ. "ಇನ್ನೂ ಏನೇನು ಹೇಳ್ದೆ ಇಟ್ಕೊಂಡಿದ್ದೀರಿ, ಅದನ್ನೆಲ್ಲ ಹೇಳಿ. ಕತ್ಲೇಲಿ ಕೈ ಆಡ್ಸೋದು ನನ್ ಕೈಲಿ ಆಗಲ್ಲ" ಎಂದಳು. ಸೆಂದಾಯಿಯಿಂದ ಯಾಚಿಯವರೆಗೆ ರೈಲಿನಲ್ಲಿ ಹೇಳುತ್ತಾ ಬಂದೆ. ಯಾವ ಪೆಟ್ಟಿಗೆಯಲ್ಲಿ ಏನಿದೆ, ಯಾವ ನೆಂಟರ ಮುಂದೆ ಯಾರ ಹೆಸರು ಎತ್ತಬಾರದು, ತೊಲೆಯ ಮಸಿಯ ಬಗ್ಗೆ ನನಗೆ ಈಗಲೂ ಎಷ್ಟು ಸಿಟ್ಟಿದೆ, ಎಲ್ಲ. ಗಂಟಲು ಒಣಗಿತು. ಅವಳು ಕಿತ್ತಳೆ ಸುಲಿದು ಕೊಟ್ಟಳು.

ಮೂರರ ಬೆಳಿಗ್ಗೆ ಮಹಾರಾಣಿಯನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿದೆವು. ನೀವು ಹೇಳಿದ ಹಾಗೆ ಕೆಳಗೆ ಕೂತು ನೋಡಿದೆವು. ಎರಡು ಕಣ್ಣೂ ಸಮವಾದವು. ಕುಸುಬೆಯ ಬಟ್ಟಲನ್ನು ನಾಮಿಯೆಯ ಮುಂದಿಟ್ಟು ನಿಮ್ಮ ಕೋರಿಕೆಯನ್ನೂ ನೆನಪಿಸಿ, "ಹಚ್ಚೋದೋ ಬಿಡೋದೋ ನೀನೇ ಹೇಳು" ಎಂದೆ. ಹಚ್ಚಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಬಾಯಿ ಬಿಡಲಿಲ್ಲ.

ಅವಳು ಮೆಟ್ಟಿಲಿನ ಹತ್ತಿರ ಹೋಗಿ, ನನ್ನ ಹಾಗೆಯೇ ಬಾಯಿಗೆ ಬಟ್ಟೆ ಹಿಡಿದುಕೊಂಡು, ಆ ಎರಡು ಹಲ್ಲುಗಳನ್ನು ನೋಡಿದಳು. ಹಲ್ಲಿನ ವೈದ್ಯರ ಮಗಳಲ್ಲವೇ, ಬೇಗ ಕದಲಲಿಲ್ಲ. "ಎಷ್ಟು ಚೆನ್ನಾಗಿ ಕೂರ್ಸಿದ್ದಾರೆ, ಅಪ್ಪಂಗೆ ತೋರಿಸ್ಬೇಕು" ಎಂದಳು. ಆಮೇಲೆ, "ಇಷ್ಟು ದಿನ ಪಾಪ ಬಾಯಿ ಮುಚ್ಚಿಸಿ ಕೂರ್ಸಿದ್ವಿ. ಈ ವರ್ಷ ಮಾತಾಡ್ಕೊಂಡಿರ್ಲಿ ಅತ್ತೆ" ಎಂದು ಬಂದು ನನ್ನೆದುರು ಮಂಡಿಯೂರಿ ಕೂತು, ಉಂಗುರದ ಬೆರಳನ್ನು ಒದ್ದೆ ಮಾಡಿ ಬಟ್ಟಲಿನಲ್ಲಿ ಒತ್ತಿದಳು.

"ಇದ್ಯಾರಿಗೆ?" ಎಂದೆ.

"ತುಟಿ ಮುಂದೆ ಮಾಡಿ."

"ನಂಗಾ? ನಿಮ್ಮಾವ ಹೋದ್ಮೇಲೆ ನಾನು ಹಚ್ಕೊಂಡಿಲ್ಲ ಕಣೇ. ಊರು ನಗತ್ತೆ."

"ನಗ್ಲಿ. ಅಲುಗಾಡ್ಬೇಡಿ, ನನ್ ಕೈ ನಡುಗತ್ತೆ."

ನಿಜವಾಗಿಯೂ ನಡುಗುತ್ತಿತ್ತು. ನಾನು ಅದನ್ನು ಹಿಡಿದುಕೊಂಡೆ.

ಹಬ್ಬದ ದಿನವಿಡೀ ಬೀದಿಯ ಹೆಂಗಸರೆಲ್ಲ ನಮ್ಮ ಮನೆಗೆ ಬರುತ್ತಾರೆ. ಬಂದವರು ಮಹಾರಾಣಿಯ ಹಲ್ಲು ನೋಡಿ ಬೆರಗಾದರು, ನಿಮ್ಮ ಹೆಸರು ಹೇಳಿದೆ. ಆಮೇಲೆ ನನ್ನ ಕಡೆ ತಿರುಗಿ ನೋಡಿದರು. ಅಜ್ಜಿ, ತುಟಿಗೆ ಯಾರು ಹಚ್ಚಿದ್ದು ಎಂದು ಕೇಳಿದವರಿಗೆಲ್ಲ ನನ್ನ ಸೊಸೆ ಎಂದೆ. ಕೇಳದವರಿಗೂ ಹೇಳಿದೆ.

ಹೊಸೊಯಾ ತೊಮೆ